ಎತ್ತಿ ಹಿಡಿದವರು

ಥಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವರು ಬೆನೆ ಇಸ್ರೇಲಿ ಯಹೂದಿ. ಮನೆಮಾತು ಮರಾಠಿ. ಅವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸುತ್ತಿದ್ದವರು. ಶನಿವಾರ ಮಾತ್ರ ಗಾಣ ನಿಲ್ಲುತ್ತಿತ್ತು. ಊರವರು ‘ಶನಿವಾರ ತೇಲಿ’ ಎಂದೇ ಕರೆದರು. ಹೀಬ್ರೂ ಬಹುಪಾಲು ಮರೆತುಹೋದರೂ ಶನಿವಾರವನ್ನು ಅವರು ಮರೆಯಲಿಲ್ಲ. ಈ ಮೊಮ್ಮಗನಿಗೋ ಎಷ್ಟೋ ಶನಿವಾರ ಫಸ್ಟ್ ಶಿಫ್ಟ್!

ನಾನೇನು ಕಡಿಮೆ? ಉಡುಪಿಯಲ್ಲಿ ಉಪನಯನವಾದ ಹೊಸತರಲ್ಲಿ ದಿನವೂ ಸಂಧ್ಯಾವಂದನೆ. ಡೊಂಬಿವಲಿಗೆ ಬಂದು ಲೋಕಲ್ ಹಿಡಿಯತೊಡಗಿದ ಮೇಲೆ ಅರ್ಘ್ಯ ಬಿಡುವುದನ್ನೇ ಬಿಟ್ಟೆ. ಜನಿವಾರ ಮಾತ್ರ ಉಳಿದಿದೆ, ಬೆವರಿಗೆ ಅಂಟಿಕೊಂಡು.

ಹೀಗಿರುವಾಗ, ಅಪ್ಪನಿಗೆ ಮಿಷನ್ ಶಾಲೆಯಲ್ಲಿ ಬಹುಮಾನವಾಗಿ ಬಂದಿದ್ದ ಕನ್ನಡ ಬೈಬಲ್ ಒಮ್ಮೆ ಕೈಗೆ ಸಿಕ್ಕಿತು. ತೆರೆದದ್ದು ಧರ್ಮೋಪದೇಶಕಾಂಡದ 27ನೇ ಅಧ್ಯಾಯ. ಗೆರಿಜ್ಜೀಮ್ ಬೆಟ್ಟದಲ್ಲಿ ಇಸ್ರೇಲರ ಆರು ಕುಲ, ಏಬಾಲ್ ಬೆಟ್ಟದಲ್ಲಿ ಆರು ಕುಲ. ಲೇವಿಯರು ಒಂದೊಂದೇ ಶಾಪ ಕೂಗುವುದು, ಜನರೆಲ್ಲ ‘ಆಮೆನ್’ ಎನ್ನುವುದು. ಕುರುಡನಿಗೆ ದಾರಿ ತಪ್ಪಿಸಿದವನಿಗೆ ಶಾಪ, ನೆರೆಯವನ ಗಡಿಕಲ್ಲು ಸರಿಸಿದವನಿಗೆ ಶಾಪ. (ಗಡಿಕಲ್ಲಿನದು ನಮ್ಮೂರಿನ ಕೆಲವರಿಗೆ ಓದಿ ಹೇಳಬೇಕಾದದ್ದೇ.) ಹನ್ನೆರಡನೆಯದು ನನ್ನ ಕೊರಳಿಗೇ ಬಂತು: ಈ ಧರ್ಮಶಾಸ್ತ್ರದ ಮಾತುಗಳನ್ನು ಕೈಕೊಂಡು ನಡೆಯದವನಿಗೂ ಶಾಪ. ಸಂತ ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದನ್ನೇ ಹಿಡಿದು, ಅದೂ ಗ್ರೀಕ್ ಅನುವಾದದಲ್ಲಿರುವಂತೆ ‘ಎಲ್ಲ ಮಾತುಗಳನ್ನೂ’ ಎಂದು ಸೇರಿಸಿ, ಧರ್ಮಶಾಸ್ತ್ರವನ್ನು ನಂಬಿಕೊಂಡವರೆಲ್ಲ ಶಾಪದಡಿ ಇದ್ದಾರೆ ಅಂದುಬಿಟ್ಟ.

ಮರುದಿನ ಟಿಫಿನ್ ಬಿಚ್ಚುವಾಗ ಪಕ್ಕದ ಮೇಜಿನವರನ್ನು ಈ ಶಾಪದ ಬಗ್ಗೆ ಅಳುಕುತ್ತಲೇ ಕೇಳಿದೆ. ಅವರು ನಕ್ಕರು.

“ರಾವ್, ಹನ್ನೊಂದು ದಾಟಿ ಬಂದು ಹನ್ನೆರಡನೆಯದಕ್ಕೆ ಹೆದರಿದಿರಾ? ಹೀಬ್ರೂವಿನಲ್ಲಿ ಅಲ್ಲಿ ‘ಎಲ್ಲ’ ಎಂಬ ಮಾತೇ ಇಲ್ಲ. ಇರುವುದು ‘ಯಾಕೀಮ್’, ಎಂದರೆ ಬೀಳದಂತೆ ಎತ್ತಿ ನಿಲ್ಲಿಸುವುದು.”

13ನೇ ಶತಮಾನದ ಯಹೂದಿ ಪಂಡಿತ ರಾಂಬಾನನ ವಿವರಣೆಯೂ ಸುಮಾರು ಇದೇ ದಾರಿಯದು. ತಪ್ಪಿದವನಿಗಲ್ಲ, ಇದು ಸತ್ಯವೇ ಅಲ್ಲ ಎಂದು ತಳ್ಳಿಹಾಕಿದವನಿಗೆ ಈ ಶಾಪ. ಹಂದಿಮಾಂಸದ ಆಸೆಗೆ ಬಿದ್ದವನು ಅಪರಾಧಿ ಹೌದು, ಆದರೆ ಈ ಶಾಪಕ್ಕೆ ಸಿಕ್ಕುವವನಲ್ಲ. ಯಹೂದಿಗಳ ಧರ್ಮಗ್ರಂಥವಾದ ಜೆರುಸಲೇಮ್ ತಾಲ್ಮೂದಿನಲ್ಲಂತೂ ಒಂದು ತುಂಟ ಪ್ರಶ್ನೆಯೇ ಇದೆ: ಎತ್ತಿ ನಿಲ್ಲಿಸಬೇಕು ಎನ್ನುವುದಕ್ಕೆ ತೋರಾ, ಅಂದರೆ ಆ ಧರ್ಮಶಾಸ್ತ್ರ, ಎಲ್ಲಾದರೂ ಬೀಳುತ್ತದೆಯೇ? ರಾಂಬಾನ್ ಅದನ್ನು ತೋರಾ ಸುರುಳಿಯನ್ನು ಎತ್ತಿ ಜನರಿಗೆ ತೋರಿಸುವ ಪದ್ಧತಿಯೊಂದಿಗೆ ಜೋಡಿಸುತ್ತಾನೆ. ನಮ್ಮ ಕನ್ನಡದಲ್ಲಿ ಇದಕ್ಕೆ ವಿವರಣೆಯೇ ಬೇಡ. ‘ಎತ್ತಿ ಹಿಡಿ’ ಎಂದರೆ ತೋಳಿನ ಕೆಲಸವೂ ಹೌದು, ನಿಷ್ಠೆಯೂ ಹೌದು.

ಆ ಶನಿವಾರ ನನ್ನ ಗೆಳೆಯರಿಗೆ ರಜೆ ಸಿಕ್ಕಿತ್ತು. 1879ರಲ್ಲಿ ಕಟ್ಟಿದ ಥಾಣೆಯ ಶಾರ್ ಹಶಮಾಯಿಮ್ ಸಿನಗಾಗಿಗೆ ನನ್ನನ್ನೂ ಕರೆದರು. ತಲೆಗೊಂದು ಟೋಪಿ ಇಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತೆ. ಸುರುಳಿಯನ್ನು ಎತ್ತಿದಾಗ ಎಲ್ಲರೂ ಎದ್ದರು. ಕೈ ನನಗರಿವಿಲ್ಲದೆ ಜನಿವಾರಕ್ಕೆ ಹೋಗಿತ್ತು. ಹೊರಗೆ ಬಂದ ಮೇಲೆ ಕೇಳಿದೆ, “ನೀವೂ ಎತ್ತಿದ್ದುಂಟೇ? ತೋಳು ನೋಯುವುದಿಲ್ಲವೇ?”

“ನೋಯದೆ ಏನು? ನಿಮ್ಮ ದಾರದ ಹಾಗಲ್ಲ ರಾವ್, ಇದು ಭಾರ,” ಎಂದು ರಿಕ್ಷಾಕ್ಕೆ ಕೈ ತೋರಿಸಿದರು.