ಒಬ್ರೇ ಏನ್ರೀ?

ಸೆಪ್ಟೆಂಬರ್ 20, 2024, ಶುಕ್ರವಾರ ರಾತ್ರಿ. ತೋರಣಗಲ್ಲು

ಡಬ್ಲಿನ್‌ನಿಂದ ತಂಗಿಯ ಫೋನು. ನಾಳೆ ರೈಲು ಹತ್ತಿ ಗಾಲ್‌ವೇಗೆ ಹೊರಟಿದ್ದಾಳೆ, ಒಬ್ಬಳೇ. ಮಧ್ಯಾಹ್ನ ಮನಸ್ಸಾಯಿತಂತೆ, ಸಂಜೆಗೆ ಟಿಕೆಟ್ ತೆಗೆದಳಂತೆ. "ನೀನೂ ಊರು ಬಿಟ್ಟು ದೂರ ಇದ್ದಿಯಲ್ಲ, ಎಲ್ಲೆಲ್ಲಿ ಹೋಗಿ ಬಂದೆ?" ಎಂದು ಕೇಳಿದಳು. ಕುಂದಾಪುರಕ್ಕೆ ಎಂದೆ. ನಕ್ಕುಬಿಟ್ಟಳು.

ನಗಲಿ. ರಜೆ ಸಿಕ್ಕರೆ ಊರಿನ ಬಸ್ಸು, ಇಲ್ಲದಿದ್ದರೆ ಕ್ವಾರ್ಟರ್ಸು. ಲ್ಯಾಬಿಗೆ ಬರುವ ಸಂಡೂರಿನ ಅದಿರನ್ನು ದಿನವೂ ಪುಡಿ ಮಾಡಿಸಿ, ಕಬ್ಬಿಣ ಶೇಕಡಾ ಎಷ್ಟು, ಸಿಲಿಕಾ ಎಷ್ಟು ಎಂದು ಬರೆದಿಡುತ್ತೇನೆ. ಅದು ಬರುವ ಗುಡ್ಡವನ್ನು ಹತ್ತಿರದಿಂದ ಕಂಡಿಲ್ಲ. ಸಂಡೂರನ್ನು ಸೆಪ್ಟೆಂಬರಿನಲ್ಲೇ ನೋಡಬೇಕೆಂದು ಗಾಂಧೀಜಿ ಹೇಳಿದ್ದರೆಂದು ಇಲ್ಲಿಯವರೆಲ್ಲ ಹೇಳುತ್ತಾರೆ. ಈ ತಿಂಗಳು ಮುಗಿಯಲು ಇನ್ನೆಷ್ಟು ದಿನ? ಚೀಲಕ್ಕೆ ಒಂದು ಜೊತೆ ಬಟ್ಟೆ ತುರುಕಿದೆ.

ಸೆಪ್ಟೆಂಬರ್ 21, ಶನಿವಾರ. ಸಂಡೂರು, ಲಾಡ್ಜ್

"ಒಬ್ರೇ ಏನ್ರೀ ಮೇಡಂ?" ಎಂದರು ಕಂಡಕ್ಟರ್. ಸಂಡೂರಲ್ಲಿ ಗೆಳತಿ ಕಾಯ್ತಿದ್ದಾಳೆ ಎಂದುಬಿಟ್ಟೆ. ಮೊದಲು ಹೊಕ್ಕ ಲಾಡ್ಜಿನಲ್ಲಿ ಅದೇ ಪ್ರಶ್ನೆ. ಒಂಟಿ ಹೆಂಗಸರಿಗೆ ರೂಮು ಕೊಡುವುದಿಲ್ಲವಂತೆ. ಎರಡನೆಯದರಲ್ಲಿ ಆಧಾರ್ ಕಾರ್ಡಿನ ಜೊತೆ ಮನೆಯವರ ನಂಬರನ್ನೂ ಬರೆಸಿಕೊಂಡು ಕೀಲಿ ಕೊಟ್ಟರು. ಬಸ್‌ಸ್ಟ್ಯಾಂಡಿನ ಎದುರು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಆಟೋ ಗೊತ್ತು ಮಾಡಿ ಕುಮಾರಸ್ವಾಮಿ ಗುಡ್ಡಕ್ಕೆ ಹೋದೆ.

ಮಳೆ ಬಿಟ್ಟ ಗುಡ್ಡಗಳು ನಮ್ಮ ಘಟ್ಟದಷ್ಟೇ ಹಸಿರು. ಬಳ್ಳಾರಿ ಸೀಮೆಯಲ್ಲಿ ಇದನ್ನು ನಿರೀಕ್ಷಿಸಿರಲಿಲ್ಲ. ತಿರುವು ದಾಟಿದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಮೈ. ಲಾರಿ ಓಡಾಡುವ ದಾರಿಯ ಬದಿಯ ಎಲೆಗಳ ಮೇಲೆ, ಆಟೋದ ಗಾಜಿನ ಮೇಲೆ, ನನ್ನ ದುಪಟ್ಟಾದ ಮೇಲೆಲ್ಲ ಅದೇ ಕೆಂಪು ಧೂಳು. ಲ್ಯಾಬಿನಲ್ಲಿ ಇದು ನನಗೆ ಗಾಜಿನ ತಟ್ಟೆಯೊಳಗಿನ ಒಂದು ಗ್ರೇಡು, ಅಷ್ಟೆ.

ಮೇಲೆ ಪಾರ್ವತಿಯ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಹೊಕ್ಕು ಕೈಮುಗಿದೆ. ಪಕ್ಕದಲ್ಲೇ ಮಗನ ಗುಡಿ. ಹೆಂಗಸರು ಒಳಗೆ ಹೋಗುವಂತಿಲ್ಲ. ತಾಯಿಯ ಮೇಲೆ ಮುನಿದ ಕುಮಾರಸ್ವಾಮಿ ಹೆಣ್ಣಿನ ಮುಖ ನೋಡುವುದಿಲ್ಲವೆಂದು ಇಲ್ಲಿ ಬಂದು ನಿಂತ ಕಥೆಯನ್ನು ಆಟೋದವರು ಹೇಳಿದರು. ಇದೇ ಗುಡಿಯ ಬಾಗಿಲನ್ನು ಸಂಡೂರಿನ ಅರಸ ಯಶವಂತರಾವ್ ಘೋರ್ಪಡೆ 1932ರಲ್ಲೇ ದಲಿತರಿಗೆ ತೆರೆದಿದ್ದರು. ಸಂಸ್ಥಾನ ಭಾರತದಲ್ಲಿ ವಿಲೀನವಾಗಿದ್ದು 1949ರಲ್ಲಿ. ಅಷ್ಟು ಮುಂಚೆ ಅಷ್ಟು ಅಗಲ ತೆರೆದ ಬಾಗಿಲು ನನ್ನ ಮಟ್ಟಿಗೆ ಇನ್ನೂ ಮುಚ್ಚಿದೆ.

ಸಿಟ್ಟು ಬಂತು. ಅದನ್ನು ಬೇಕಾದಷ್ಟು ಹೊತ್ತು ಇಟ್ಟುಕೊಳ್ಳಲು ಸಾಧ್ಯವಾಯಿತು ಎಂಬುದೇ ಹೊಸದು. ಮನೆಯವರೊಡನೆ ಬಂದಿದ್ದರೆ "ಸಂಪ್ರದಾಯ, ಬಿಡು" ಎಂದು ಯಾರೋ ನನ್ನ ಪರವಾಗಿ ಒಪ್ಪಿಕೊಂಡಿರುತ್ತಿದ್ದರು. ನಾನು ಅವರ ಚಪ್ಪಲಿ ಕಾಯುತ್ತ ನಿಂತಿರುತ್ತಿದ್ದೆ.

ಸೆಪ್ಟೆಂಬರ್ 22, ಭಾನುವಾರ ರಾತ್ರಿ. ತೋರಣಗಲ್ಲು

ಬೆಳಿಗ್ಗೆ ಸುಶೀಲಾನಗರ. ಲಂಬಾಣಿ ಕಸೂತಿಯವರ ಊರು. ಸಂಡೂರಿನ ಈ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಜಗಲಿಯಲ್ಲಿ ಕೂತು ಬಟ್ಟೆಗೆ ಕನ್ನಡಿ ಹಚ್ಚುತ್ತಿದ್ದ ಅಮ್ಮನೊಬ್ಬರು ತಲೆಯೆತ್ತಿ ಕೇಳಿದರು: "ಒಬ್ಬಾಕೀನ ಬಂದೀಯೇನವಾ?"

ಹೌದು ಎಂದೆ.

"ಹಂಗಾದ್ರ ಕುಂದ್ರು. ಏಳು ಏಳು ಅನ್ನಾಕ ಯಾರೂ ಇಲ್ಲಲ್ಲ."

ಕೂತೆ. ಹಿಂದೆ ಗಣಿಯಲ್ಲಿ ಅದಿರು ಒಡೆಯುವ ಕೂಲಿಗೆ ಹೋಗುತ್ತಿದ್ದರಂತೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಮನೆಯ ಗಂಡಸರಿಗೂ ಕೆಲಸ ಹೋಯಿತು. ಸಂತೆಯ ಖರ್ಚು ಈ ಸೂಜಿಯಿಂದಲೇ ನಡೆಯಿತು. ಗಣಿ ಮತ್ತೆ ತೆರೆದರೂ ಅವರು ಗುಡ್ಡಕ್ಕೆ ಹೋಗಲಿಲ್ಲ. "ಧೂಳು ಸಾಕಾಗಿತ್ತು" ಎಂದರು. ನಾನೇನು ಕೆಲಸ ಮಾಡುತ್ತೇನೆಂದು ಕೇಳಿದರು. ಅದಿರಿನಲ್ಲಿ ಕಬ್ಬಿಣ ಎಷ್ಟಿದೆಯೆಂದು ನೋಡುತ್ತೇನೆ ಎಂದೆ. "ನಾವು ಕೈಯಾಗ ಹಿಡಿದು ತೂಕದ ಮ್ಯಾಲೆ ಹೇಳ್ತಿದ್ವಿ" ಎಂದು ನಕ್ಕರು. ಕವಡೆ ಹೊಲಿದ ಚೀಲವೊಂದನ್ನು ಕೊಂಡೆ. ಚೌಕಾಸಿ ಮಾಡಲಿಲ್ಲ.

ಮರಳುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಒಬ್ರೇನಾ ಎಂದು ಕೇಳಿದಾಗ ಹೂಂ ಎಂದು ಕಿಟಕಿಯ ಕಡೆ ತಿರುಗಿದೆ.

ಈಗ ಅಮ್ಮನಿಗೆ ಫೋನು ಮಾಡಿದೆ. "ಒಬ್ಳೇ ಹೋದ್ದಾ? ಎಂತಕ್ಕೆ?" ಉತ್ತರಕ್ಕೆ ಕಾಯದೆ, ಲಾಡ್ಜಿನ ಬಾಗಿಲ ಚಿಲಕ ಸರಿಯಿತ್ತಾ ಎಂದರು. ಸರಿಯಿತ್ತು ಎಂದಮೇಲೆ ತುಸು ಹೊತ್ತು ಸುಮ್ಮನಿದ್ದು, ಮುಂದಿನ ಸಲ ತಾನೂ ಬರುತ್ತೇನೆ ಎಂದರು. ದಸರೆ ರಜೆಯಲ್ಲಿ ಹಂಪಿಗೆ ಕರೆದೊಯ್ಯುವುದಾಗಿ ಮಾತು ಕೊಟ್ಟೆ. ಆದರೆ ಬಳ್ಳಾರಿಯ ದಂಡಿನ ಸೈನಿಕರ ಆರೈಕೆಗೆಂದು ಬ್ರಿಟಿಷರು ನೆಲೆ ಮಾಡಿಕೊಂಡಿದ್ದ ರಾಮಗಢದ ಗುಡ್ಡ ಇನ್ನೂ ಬಾಕಿಯಿದೆ. ಅದರ ಸುದ್ದಿಯನ್ನು ಅಮ್ಮನಿಗೆ ಎತ್ತಲಿಲ್ಲ. ಅಲ್ಲಿಗೆ ಒಬ್ಬಳೇ ಹೋಗಬೇಕು.