ಆನ್ ಆಗಿದೆ, ಆದ್ರೆ ರೆಡಿ ಇಲ್ಲ

ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಬೆಳೆದವರಿಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ: ಕರೆಂಟ್ ಬಂತು ಅಂದ್ರೆ ನಲ್ಲಿಯಲ್ಲಿ ನೀರು ಬಂತು ಅಂತಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ದಾಟಿ ಊರಿಗೆ ಬರಬೇಕು. ನಮ್ಮ ರಸ್ತೆಗೆ ವಾಲ್ವ್ ಬಿಡಬೇಕು, ಸಂಪ್ ತುಂಬಬೇಕು, ಆಮೇಲೆ ಮೋಟಾರ್. ಖಾಲಿ ಸಂಪಿಗೆ ಮೋಟಾರ್ ಹಾಕಿದ್ರೂ ಅದು ಗುಂಯ್ ಅಂತ ತಿರುಗುತ್ತೆ. ಕೇಳೋರಿಗೆ ಎಲ್ಲಾ ಸರಿ ಇದೆ ಅನ್ಸುತ್ತೆ. ಟ್ಯಾಂಕಿಗೆ ಮಾತ್ರ ಒಂದು ಹನಿಯೂ ಏರಲ್ಲ.

ಸರ್ವರ್‌ಗಳಲ್ಲೂ ಇಂಥದ್ದೇ ಆಗುತ್ತೆ ಅಂತ ನಮಗೆ ಕಳೆದ ಸೆಮಿಸ್ಟರ್‌ನಲ್ಲಿ ಗೊತ್ತಾಯ್ತು. ನಾವು ಅಂದ್ರೆ ನಾಲ್ಕು ಜನ: ಒಬ್ಬರು ರಾಜಾಜಿನಗರ, ಇಬ್ಬರು ವಿಜಯನಗರ, ಒಬ್ಬರು ಕೆಂಗೇರಿ ಪಿ.ಜಿ. ಎಲ್ಲರೂ ಇಂಗ್ಲಿಷ್ ಮೀಡಿಯಂ.

ಒಂದು ಸೋಮವಾರ ಫಸ್ಟ್ ಇಯರ್ ಹುಡುಗಿಯೊಬ್ಬಳು ಅಳುಮುಖ ಮಾಡ್ಕೊಂಡು ಲ್ಯಾಬ್‌ಗೆ ಬಂದಳು. "ಅಕ್ಕಾ, ನಿನ್ನೆ ಸಂಜೆನೇ ಪ್ರೋಗ್ರಾಂ ಸಬ್ಮಿಟ್ ಮಾಡಿದ್ದೆ. ಹಸಿರು ಟಿಕ್ ಕೂಡ ಬಂದಿತ್ತು. ಈಗ ಲಿಸ್ಟ್‌ನಲ್ಲಿ ನನ್ನ ಹೆಸರೇ ಇಲ್ಲ." ಅವಳೊಬ್ಬಳೇ ಅಲ್ಲ, 38 ಜನ. ಶನಿವಾರದ ಒಳಗೆ ಕಳಿಸಿದವರ ಫೈಲ್ ಎಲ್ಲಾ ಇತ್ತು, ಭಾನುವಾರ ಕಳಿಸಿದ ಒಬ್ಬರದ್ದೂ ಇರಲಿಲ್ಲ. ಮೇಡಂ ಹೇಳಿದ್ದು ಸ್ಪಷ್ಟ: "ಸಂಜೆ ಒಳಗೆ ಫೈಲ್ ತೋರಿಸಿ, ಇಲ್ಲಾಂದ್ರೆ ಇಂಟರ್ನಲ್ಸ್‌ನಲ್ಲಿ ಸೊನ್ನೆ." ಅಷ್ಟೂ ಜನ ಸುಳ್ಳು ಹೇಳ್ತಿದ್ದಾರೆ ಅಂತ ನಂಬೋಕೆ ನಮಗೆ ಆಗಲಿಲ್ಲ.

ಮೊದಲು ಕೇಳಿದ್ದು ಲ್ಯಾಬ್ ನೋಡ್ಕೊಳ್ಳೋ ಅಣ್ಣನನ್ನ. ಶನಿವಾರ ರಾತ್ರಿ ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಕೂಡ ಖಾಲಿಯಾಗಿತ್ತಂತೆ. ಬೆಳಗಿನ ಜಾವ ಕರೆಂಟ್ ಬಂದಾಗ ಮಷೀನುಗಳು ತಾವಾಗೇ ಎದ್ದವು. ಸೋಮವಾರ ಬಂದು ನೋಡಿದ್ರೆ ಸ್ಟೋರೇಜ್ ಕನೆಕ್ಟ್ ಆಗಿರಲಿಲ್ಲ, ಕನೆಕ್ಟ್ ಮಾಡಿದರು. ಅದು ಸರಿಯಾದ ಕೆಲಸವೇ.

ನಮ್ಮ ಸಬ್ಮಿಷನ್ ಸರ್ವರ್ ಫೈಲುಗಳನ್ನ ತನ್ನ ಡಿಸ್ಕ್‌ನಲ್ಲಿ ಇಡಲ್ಲ. ಪಕ್ಕದ ರೂಮಿನ ಸ್ಟೋರೇಜ್ ಮಷೀನನ್ನ ನೆಟ್‌ವರ್ಕ್ ಮೇಲೆ ಎನ್‌ಎಫ್‌ಎಸ್ ಮೂಲಕ ಒಂದು ಫೋಲ್ಡರ್‌ಗೆ ಮೌಂಟ್ ಮಾಡ್ಕೊಂಡು ಅಲ್ಲಿ ಬರೆಯುತ್ತೆ. ಜರ್ನಲ್‌ಸಿಟಿಎಲ್‌ನಲ್ಲಿ ಆ ಬೂಟ್‌ನ ಲಾಗ್ ತೆಗೆದು ಟೈಮ್ ಹಿಡ್ಕೊಂಡು ಓದಿದಾಗ ಕಥೆ ಬಿಡಿಸಿಕೊಳ್ತು. ಸಬ್ಮಿಷನ್ ಸರ್ವಿಸ್ ಒಂದು ನಿಮಿಷದೊಳಗೆ ಎದ್ದಿತ್ತು. ಸ್ಟೋರೇಜ್ ಮಷೀನ್ ತನ್ನ ಡಿಸ್ಕ್‌ಗಳನ್ನ ಚೆಕ್ ಮಾಡ್ಕೊಂಡು ಏಳೋಕೆ ಇನ್ನೂ ಐದಾರು ನಿಮಿಷ ತಗೊಂಡಿತ್ತು. ಅಷ್ಟರಲ್ಲಿ ಮೌಂಟ್ ಕಾದು ಕಾದು ಟೈಮ್‌ಔಟ್ ಆಗಿತ್ತು. ಎಫ್‌ಎಸ್‌ಟ್ಯಾಬ್‌ನಲ್ಲಿ 'ನೋಫೇಲ್' ಅಂತ ಇತ್ತು. ಮೌಂಟ್ ಆಗದಿದ್ರೂ ಬೂಟ್ ನಿಲ್ಲಬಾರದು ಅಂತ ಅದನ್ನ ಹಾಕ್ತಾರೆ.

ಆಗ ಸರ್ವಿಸ್ ಏನು ಮಾಡ್ತು? ಫೋಲ್ಡರ್ ಅಂತೂ ಇದೆಯಲ್ಲ, ಅದರೊಳಗೇ ಬರೀತು. ಮೌಂಟ್ ಆಗದ ಫೋಲ್ಡರ್ ಅಂದ್ರೆ ಸರ್ವರ್‌ನ ಸ್ವಂತ ಡಿಸ್ಕ್. ಭಾನುವಾರ ಪೂರ್ತಿ ಅಲ್ಲೇ ತುಂಬ್ತಾ ಹೋಯ್ತು, ಟಿಕ್ ಬರ್ತಾ ಹೋಯ್ತು. ಸೋಮವಾರ ಅದೇ ಫೋಲ್ಡರ್ ಮೇಲೆ ಸ್ಟೋರೇಜ್ ಮೌಂಟ್ ಆದಾಗ, ಚಾಪೆ ಹಾಸಿದ ಹಾಗೆ, ಕೆಳಗಿದ್ದದ್ದೆಲ್ಲ ಮುಚ್ಚಿಹೋಯ್ತು. ಫೈಲುಗಳು ಅಳಿಸಿಹೋಗಿರಲಿಲ್ಲ, ಕಾಣ್ತಿರಲಿಲ್ಲ ಅಷ್ಟೇ. ರೂಟ್ ಡೈರೆಕ್ಟರಿಯನ್ನ ಬೇರೆ ಜಾಗಕ್ಕೆ ಬೈಂಡ್ ಮೌಂಟ್ ಮಾಡಿದ್ರೆ ಚಾಪೆ ಎತ್ತದೇ ಕೆಳಗೆ ನೋಡಬಹುದು. ನೋಡಿದ್ವಿ. 38 ಫೋಲ್ಡರ್, ಭಾನುವಾರದ ಟೈಮ್‌ಸ್ಟಾಂಪ್ ಸಮೇತ. ಟೈಮ್‌ಸ್ಟಾಂಪ್ ಬದಲಾಗದ ಹಾಗೆ ಕಾಪಿ ಮಾಡಿ ಮೇಡಂಗೆ ತೋರಿಸಿದ್ವಿ. ಅವರು ಒಂದೊಂದೇ ಹೆಸರು ಟಿಕ್ ಮಾಡ್ಕೊಂಡು, "ಸರಿ, ಎಲ್ಲರದ್ದೂ ತಗೊಳ್ತೀನಿ" ಅಂದರು.

ಆದ್ರೆ ಮುಂದಿನ ಮಳೆಗೂ ಇದೇ ಕಥೆ ಆಗ್ಬಾರದಲ್ಲ. ಸರ್ವಿಸ್‌ನ ಯೂನಿಟ್ ಫೈಲ್ ತೆಗೆದ್ರೆ 'ಆಫ್ಟರ್ ನೆಟ್‌ವರ್ಕ್ ಟಾರ್ಗೆಟ್' ಅಂತ ಒಂದೇ ಸಾಲು. ಲ್ಯಾಬ್ ಅಣ್ಣ ಕೇಳಿದರು: "ಏನ್ರಪ್ಪಾ, ಆಮೇಲೆ ಅಂತ ಬರೆದಿದ್ಯಲ್ಲ, ಮತ್ತೆ ಕಾಯಲಿಲ್ಲ ಯಾಕೆ?" ಡಾಕ್ಯುಮೆಂಟೇಶನ್ ಮೂರು ಸಲ ಓದಿದ್ರೂ ನಮಗೆ ಪೂರ್ತಿ ಹತ್ತಿರಲಿಲ್ಲ. ಅವರಿಗೆ ಕನ್ನಡದಲ್ಲಿ ಹೇಳೋಕೆ ಕೂತಾಗ ನಮಗೇ ಹತ್ತಿತು.

ಸಿಸ್ಟಮ್‌ಡಿಯಲ್ಲಿ 'ಆಫ್ಟರ್' ಅಂದ್ರೆ "ಅವನು ಹೊರಡೋದಿದ್ರೆ, ಅವನಾದ್ಮೇಲೆ ನಾನು." ಇದು ಬರೀ ಸಾಲಿನ ಲೆಕ್ಕ. ಅವನು ಬರದೇ ಹೋದ್ರೂ ಇವನು ಹೊರಡ್ತಾನೆ. 'ವಾಂಟ್ಸ್' ಅಂದ್ರೆ "ಅವನನ್ನೂ ಕರೀರಿ, ಬರದಿದ್ರೂ ಪರವಾಗಿಲ್ಲ." 'ರಿಕ್ವೈರ್ಸ್' ಅಂದ್ರೆ "ಅವನೂ ಬೇಕೇ ಬೇಕು." ಆದ್ರೆ ಅದರಲ್ಲಿ ಸಾಲು ಇಲ್ಲ, ಅದೊಂದನ್ನೇ ಬರೆದ್ರೆ ಇಬ್ಬರೂ ಒಟ್ಟಿಗೇ ಹೊರಡಬಹುದು. "ಅವನು ಬಂದ್ಮೇಲೆ" ಬೇರೆ, "ಅವನು ಬಂದ್ರೇನೇ" ಬೇರೆ. ನಮಗೆ ಬೇಕಿದ್ದದ್ದು ಎರಡೂ. ಜೊತೆಗೆ 'ನೆಟ್‌ವರ್ಕ್ ಟಾರ್ಗೆಟ್' ಅಂದ್ರೆ ನೆಟ್‌ವರ್ಕ್ ನೋಡ್ಕೊಳ್ಳೋ ಸಾಫ್ಟ್‌ವೇರ್ ಎದ್ದಿದೆ ಅಂತಷ್ಟೇ, ಐಪಿ ಸಿಕ್ಕಿದೆ ಅಂತಲ್ಲ. ಅದಕ್ಕೆ 'ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್' ಅಂತ ಬೇರೆಯೇ ಇದೆ. ಅದೂ ಸ್ಟೋರೇಜ್ ರೆಡಿ ಇದೆ ಅಂತ ಗ್ಯಾರಂಟಿ ಕೊಡಲ್ಲ.

ಕೊನೆಗೆ ಮೇಡಂ ಒಪ್ಪಿಗೆ ಪಡೆದು ಸೇರಿಸಿದ್ದು ಒಂದೇ ಸಾಲು: 'ರಿಕ್ವೈರ್ಸ್ ಮೌಂಟ್ಸ್ ಫಾರ್', ಮುಂದೆ ಫೋಲ್ಡರ್‌ನ ಹಾದಿ. ಇದು ಮೌಂಟ್ ಬೇಕೇ ಬೇಕು ಅಂತಲೂ ಹೇಳುತ್ತೆ, ಅದಾದ್ಮೇಲೇ ಅಂತಲೂ ಹೇಳುತ್ತೆ. ಆಮೇಲೆ ಸ್ಟೋರೇಜ್ ಕೇಬಲ್ ಕಿತ್ತು ರೀಬೂಟ್ ಮಾಡಿದ್ವಿ. ಲಾಗ್‌ನಲ್ಲಿ 'ಡಿಪೆಂಡೆನ್ಸಿ ಫೇಲ್ಡ್' ಅಂತ ಬಂತು, ಪೋರ್ಟಲ್ ತೆರೀಲೇ ಇಲ್ಲ.

"ಹಂಗಾದ್ರೆ ಕರೆಂಟ್ ಹೋದಾಗೆಲ್ಲ ಪೋರ್ಟಲ್ ಬಂದ್ ಆಗಿರುತ್ತಲ್ಲ?" ಅಂದರು ಅಣ್ಣ. ನಿಜ, ಸ್ಟೋರೇಜ್ ತಡವಾಗಿ ಎದ್ರೆ ಯಾರಾದ್ರೂ ಬಂದು ಸ್ಟಾರ್ಟ್ ಮಾಡಬೇಕು. ಆದ್ರೆ ತೆರೆಯದ ಪೋರ್ಟಲ್ ಬಗ್ಗೆ ಐದು ನಿಮಿಷಕ್ಕೇ ಫೋನ್ ಬರುತ್ತೆ. ಹಸಿರು ಟಿಕ್ ಕೊಟ್ಟು ಫೈಲ್ ಮುಚ್ಚಿಡೋ ಪೋರ್ಟಲ್ ಬಗ್ಗೆ ಗೊತ್ತಾಗೋದು ಲಿಸ್ಟ್ ಬಂದ್ಮೇಲೆ.

ಮಿನಿ ಪ್ರಾಜೆಕ್ಟ್‌ಗೆ ಸರ್ವರ್ ಇಟ್ಟಿರೋರು ಡೆಮೋಗೆ ಮುಂಚೆ ಒಂದು ಸಲ ಬೇಕಂತಲೇ ಡೇಟಾಬೇಸ್ ಮಷೀನ್ ಆಫ್ ಮಾಡಿ ನಿಮ್ಮ ಸರ್ವರ್ ರೀಬೂಟ್ ಮಾಡಿ ನೋಡಿ. ಎರರ್ ಕೊಟ್ರೆ ಒಳ್ಳೇದು. ಏನೂ ಆಗದ ಹಾಗೆ ನಡೆದ್ರೆ, ಅದು ಬರೀತಿರೋದು ಎಲ್ಲಿಗೆ ಅಂತ ಹುಡುಕಿ.