ಪರದೇಶದಲ್ಲಿ ತೆಗೆದ ಪಟಗಳು

ಹಿಂಡಲಗಾ ಎಂದೊಡನೆ ಹೊರಗಿನವರಿಗೆ ಸೆರೆಮನೆಯ ನೆನಪಾಗುವುದು. ಆ ಊರಿನವಳೆಂದು ಹೇಳಿಕೊಂಡಾಗ ಎದುರಿನವರು ಒಂದು ಕ್ಷಣ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡುವುದುಂಟು. ನಮಗಾದರೋ ಹಿಂಡಲಗಾ ಎಂದರೆ ವೆಂಗುರ್ಲೆಯ ರಸ್ತೆ, ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ನೀರು, ಗೆಣಸಿನ ಹೊಲಗಳು ಮತ್ತು ನಮ್ಮ ಅವ್ವನ ಹಿತ್ತಲು. ಆ ಹಿತ್ತಲನ್ನು ಬಿಟ್ಟು ನಾನು 2012ರಲ್ಲಿ, ಯಜಮಾನರ ಉದ್ಯೋಗದ ನಿಮಿತ್ತವಾಗಿ, ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ಪಟ್ಟಣಕ್ಕೆ ಹೋಗಿ ಎರಡು ವರ್ಷ ಅಲ್ಲಿದ್ದೆನು. ಶಾಲೆಯ ಗಂಟೆಯ ಸದ್ದಿಗೆ ಎದ್ದು ಕುಳಿತು ರೂಢಿಯಾದವಳಿಗೆ ಬಿಡುವೆಂಬುದು ಒಂದು ಬಗೆಯ ಬೇನೆಯೇ ಸರಿ. ಅದರ ಮದ್ದೆಂದು ಯಜಮಾನರು ಅಂಗೈಯಗಲದ ಒಂದು ಕ್ಯಾಮೆರಾವನ್ನು ತಂದುಕೊಟ್ಟರು. ಈ ವಿದ್ಯೆಯನ್ನು ನಾನು ಯಾರಿಂದಲೂ ಕಲಿತವಳಲ್ಲ.

ಮೊದಲ ತಿಂಗಳುಗಳಲ್ಲಿ ಎಲ್ಲ ಪ್ರವಾಸಿಗಳೂ ತೆಗೆಯುವುದನ್ನೇ ನಾನೂ ತೆಗೆದೆನು. ರೈನ್ ನದಿ, ಕೆಂಪು ಮರಳುಗಲ್ಲಿನಿಂದ ಕಟ್ಟಿದ ದೊಡ್ಡ ದೇವಾಲಯ, ಅದರ ಮಾಡಿನ ಬಣ್ಣಬಣ್ಣದ ಹಂಚುಗಳು, ಶ್ಪಾಲೆನ್ ಎಂಬ ಹಳೆಯ ಊರಬಾಗಿಲು, ಹಸಿರು ಟ್ರಾಮುಗಳು, ಮೊದಲ ಹಿಮ. ಅವುಗಳಲ್ಲಿ ಲೇಸಾದವನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಅವ್ವನಿಗೆ ಅಂಚೆಯಲ್ಲಿ ಕಳುಹಿಸಿದೆನು. ದೂರವಾಣಿಯಲ್ಲಿ ಅವಳ ತೀರ್ಪು ಬಂದಿತು: "ಇಂಥಾವೆಲ್ಲಾ ಕ್ಯಾಲೆಂಡರಿನ್ಯಾಗ ನೋಡೇನವಾ. ಆ ಮಂದಿ ಅರಿವಿ ಎಲ್ಲಿ ಒಣಹಾಕ್ತಾರ? ಒಲಿ ಹೆಂಗೈತಿ? ನಿಮ್ಮ ಬಾಜೂ ಮನ್ಯಾಗ ಯಾರದಾರ? ಅದನ್ನ ತೆಗದ ಕಳಸು."

ಶಿಕ್ಷಣಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದ ನನಗೆ ಈ ಪಾಠವನ್ನು ಏಳನೆಯ ಇಯತ್ತೆಗೆ ಓದು ಬಿಟ್ಟ ತಾಯಿಯೊಬ್ಬಳು ಹೇಳಬೇಕಾಯಿತು ಎಂದು ಬರೆಯಲು ಹೊರಟಿದ್ದೆನು. ಆದರೆ ಅದು ಸುಳ್ಳಾಗುವುದು. ಅವಳು ನಮ್ಮ ಈ ಶಾಲೆಯಲ್ಲಿಯೇ ಹತ್ತನೆಯ ಇಯತ್ತೆಯವರೆಗೆ ಓದಿದ್ದಳು, ಲೆಕ್ಕದಲ್ಲಿ ನನಗಿಂತ ಜಾಣೆಯಾಗಿದ್ದಳು.

ಅಂದಿನಿಂದ ನನ್ನ ಕ್ಯಾಮೆರಾ ಕೆಳಕ್ಕೆ ಇಳಿಯಿತು. ಬಾಸೆಲಿನಲ್ಲಿ ರೈನ್ ನದಿಯನ್ನು ದಾಟಲು ನಾಲ್ಕು ದೋಣಿಗಳುಂಟು. ಅವುಗಳಿಗೆ ಯಂತ್ರವೂ ಇಲ್ಲ, ಹುಟ್ಟೂ ಇಲ್ಲ. ನದಿಗೆ ಅಡ್ಡಲಾಗಿ ಮೇಲೆ ಎಳೆದ ತಂತಿಗೆ ದೋಣಿಯನ್ನು ಕಟ್ಟಿರುವರು. ಅಂಬಿಗನು ಚುಕ್ಕಾಣಿಯನ್ನು ಓರೆಮಾಡಿದರೆ ಪ್ರವಾಹದ ಬಲವೇ ಅದನ್ನು ಆಚೆಯ ದಡಕ್ಕೆ ನೂಕುವುದು. ಅದರ ಪಟಕ್ಕೆ ಅವ್ವನ ಪ್ರಶ್ನೆ, "ಎಷ್ಟ ತಗೋತಾರ?" ಎಂದು. ನೀರಿಗೆ ಕೊಡಬೇಕಾದ್ದೇನೂ ಇಲ್ಲವಾದ ಮೇಲೆ ಹಣವೇಕೆಂಬುದು ಅವಳ ವಾದ. ಕಾರ್ನಿವಲ್ ಹಬ್ಬವನ್ನು ತೆಗೆಯಲು ಹೋಗಿ ನಗೆಗೀಡಾದುದೂ ಉಂಟು. ಅದು ಸೋಮವಾರ ಬೆಳಗಿನ ನಾಲ್ಕು ಗಂಟೆಗೆ ಸರಿಯಾಗಿ ಮೊದಲಾಗುವುದು. ಆ ಕ್ಷಣದಲ್ಲಿ ಪೇಟೆಯ ಬೀದಿದೀಪಗಳನ್ನೆಲ್ಲ ಆರಿಸುವರು, ಬಣ್ಣದ ಕಂದೀಲುಗಳ ಹಿಂದೆ ಕೊಳಲೂ ತಮಟೆಗಳೂ ಹೊರಡುವುವು. ಚಳಿಯಲ್ಲಿ ನಡುಗುತ್ತ ಅರುವತ್ತು ಪಟಗಳನ್ನು ತೆಗೆದೆನು. ಮನೆಗೆ ಬಂದು ನೋಡಿದರೆ ಅರುವತ್ತೂ ಕತ್ತಲೆಯೇ.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಬಿಡಾರಗಳಿಗೂ ಸೇರಿ ಒಂದೇ ಬಟ್ಟೆಯೊಗೆಯುವ ಕೋಣೆ. ಯಾರಿಗೆ ಯಾವ ದಿನ ಎಂಬುದಕ್ಕೆ ಗೋಡೆಯ ಮೇಲೆ ಪಟ್ಟಿ, ಆ ದಿನ ಆ ಮನೆಯವರಿಗೆ ಬೀಗದ ಕೈ. ನಮ್ಮ ಶಾಲೆಯ ವೇಳಾಪತ್ರಿಕೆಗಿಂತಲೂ ಅದು ಕಟ್ಟುನಿಟ್ಟಾದುದು. ತಪ್ಪು ದಿನ ಹೋಗಿ ಸಿಕ್ಕಿಬಿದ್ದ ನನಗೆ ಅದರ ನಿಯಮಗಳನ್ನು ಕೈಸನ್ನೆಯಿಂದಲೇ ಕಲಿಸಿದವರು ಕೆಳಮನೆಯಲ್ಲಿ ಒಂಟಿಯಾಗಿದ್ದ ಒಬ್ಬ ಮುದುಕಿ. ಅವರು ದುಪ್ಪಟಿಯ ಎರಡು ಮೂಲೆಗಳನ್ನು ನನ್ನ ಕೈಗೆ ಕೊಟ್ಟು, ಉಳಿದೆರಡನ್ನು ತಾವು ಹಿಡಿದು ಝಾಡಿಸುವರು. ಹಿಂಡಲಗಾದ ಹಿತ್ತಲಿನಲ್ಲಿ ಅವ್ವನೂ ನಾನೂ ಮಾಡುತ್ತಿದ್ದುದೇ ಅದು. ಹಗ್ಗಕ್ಕೆ ಚಿಮಟಿಗೆ ಸಿಕ್ಕಿಸುತ್ತ ತಿರುಗಿ ನೋಡಿದ ಅವರ ಪಟವೊಂದನ್ನು ತೆಗೆದೆನು. ಅದನ್ನು ಅವ್ವ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ಇಟ್ಟಳು. ನನ್ನ ಬೇರಾವ ಪಟಕ್ಕೂ ಆ ಭಾಗ್ಯ ಬರಲಿಲ್ಲ.

ಬಾಸೆಲ್ ಎಂದರೆ ನಮ್ಮ ಕನ್ನಡನಾಡಿಗೆ ಅಪರಿಚಿತವಾದ ಹೆಸರಲ್ಲ. 1815ರಲ್ಲಿ ಅಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ ಬಂದರು. ಬೆಳಗಾವಿಯಲ್ಲಿ 1820ರಿಂದ ಕೆಲಸಮಾಡಿದವರು ಲಂಡನ್ ಮಿಶನ್ನಿನವರಾದ ಕಾರಣ ನಮ್ಮೂರಿನ ಚಿತ್ರಗಳು ಅಲ್ಲಿ ದೊರೆಯಲಾರವೆಂದು ಬಲ್ಲೆನಾದರೂ, 2013ರ ವಸಂತದಲ್ಲಿ ಒಂದು ದಿನ ಆ ಸಂಸ್ಥೆಯ ದಫ್ತರಖಾನೆಗೆ ಹೋದೆನು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ತೆಗೆದ ಸುಮಾರು 28,000 ಛಾಯಾಚಿತ್ರಗಳು ಅಲ್ಲಿರುವುವು. ಆಫ್ರಿಕ, ಚೀನ, ಬೋರ್ನಿಯೊ, ನಮ್ಮ ದೇಶ ಎಲ್ಲವೂ ಅವುಗಳಲ್ಲಿವೆ. ತೆಗೆದವರಲ್ಲಿ ಬಹುಮಂದಿ ಕಸುಬುದಾರರಲ್ಲ. ಪಾಠ ಹೇಳುತ್ತ, ನೇಯ್ಗೆಯ ಕಾರ್ಖಾನೆ ನಡೆಯಿಸುತ್ತ, ಬಿಡುವಿನಲ್ಲಿ ಪೆಟ್ಟಿಗೆಯನ್ನು ಮೂರು ಕಾಲುಗಳ ಮೇಲೆ ನಿಲ್ಲಿಸಿಕೊಂಡವರು. ಪರದೇಶದಲ್ಲಿ ನೆಲಸಿದ ಹವ್ಯಾಸಿಗಳೆಂದರೆ ಅವರೇ. ಅವರಿಗೆ ಪರದೇಶವೆಂದರೆ ನಾವು!

ಹೊರಗಿನವರ ಕಣ್ಣಿನಿಂದ ಉಪಕಾರವಾಗುವುದನ್ನು ನಾನು ಅಲ್ಲಗಳೆಯಲಾರೆನು. ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು 1856ರಲ್ಲಿ ಹಂಪೆಯ ಹಾಳೂರನ್ನು ಮೇಣ ಸವರಿದ ದೊಡ್ಡ ಕಾಗದದ ಹಾಳೆಗಳ ಮೇಲೆ ಚಿತ್ರಿಸಿದರು. ಒದ್ದೆಯಿರುವಾಗಲೇ ಬಳಸಿ ತೊಳೆಯಬೇಕಾದ ಗಾಜಿನ ಫಲಕಗಳು ನಮ್ಮ ಬಿಸಿಲಿಗೆ ಹೊಂದುತ್ತಿರಲಿಲ್ಲ. ಮೇಣದ ಕಾಗದವನ್ನಾದರೆ ಮುಂಚಿತವಾಗಿಯೇ ಸಿದ್ಧಪಡಿಸಿಕೊಂಡು ಒಯ್ಯಬಹುದಾಗಿತ್ತು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವೊಂದು ಇದ್ದಿತೆಂದು ನಾವಿಂದು ಕಣ್ಣಾರೆ ಕಾಣುವುದು ಅವರ ಚಿತ್ರದಿಂದಲೇ, ಗೋಪುರ ಈಗಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬವರು ಅದೇ ಸ್ಥಳಗಳಲ್ಲಿ ನಿಂತು ಮರಳಿ ಚಿತ್ರ ತೆಗೆದು, ಏನುಳಿಯಿತು ಏನಳಿಯಿತು ಎಂಬುದನ್ನು ಜಗತ್ತಿಗೆ ತೋರಿಸಿದರು.

ಆದರೆ ಬಾಸೆಲಿನಲ್ಲಿ ಆ ದಿನ ನನಗೆ ಸಿಟ್ಟು ಬಂದಿತು. ನಮ್ಮ ಸೀಮೆಯ ಶಾಲೆಯೊಂದರ ಹುಡುಗಿಯರು ಸಾಲಾಗಿ ಕುಳಿತ ಒಂದು ಚಿತ್ರ. ಅಲುಗಾಡಬಾರದೆಂದು ಉಸಿರು ಬಿಗಿಹಿಡಿದ ಮುಖಗಳು, ತೊಡೆಯ ಮೇಲೆ ಹೊಲಿಗೆಯ ಬಟ್ಟೆ. ನಡುವೆ ನಿಂತ ಮಿಸ್ಸಮ್ಮನವರ ಹೆಸರು ಕೆಳಗೆ ಸ್ಪಷ್ಟವಾಗಿತ್ತು. ಹುಡುಗಿಯರಿಗೆಲ್ಲ ಸೇರಿ "ವಿದ್ಯಾರ್ಥಿನಿಯರು" ಎಂಬ ಒಂದೇ ಮಾತು. ಹೆಸರು ಬರೆದಿಟ್ಟ ಚಿತ್ರಗಳೂ ಅಲ್ಲಿಲ್ಲದಿಲ್ಲ, ನ್ಯಾಯಕ್ಕಾಗಿ ಅದನ್ನೂ ಹೇಳಬೇಕು. ದೂರದ ದಾನಿಗಳಿಗೆ ಕೆಲಸವನ್ನು ತೋರಿಸುವುದಕ್ಕಾಗಿ ಕಳುಹಿಸಿದವುಗಳು ಅವು. ದಾನಿಗಳಿಗೆ ಹುಡುಗಿಯ ಹೆಸರಿನಿಂದ ಆಗಬೇಕಾದುದೇನು? ಇಷ್ಟೆಲ್ಲ ತಿಳಿದೂ ಅಂದು ರಾತ್ರಿ ಯಜಮಾನರೊಡನೆ ಅದನ್ನೇ ಆಡಿ ಆಡಿ ಅವರಿಗೆ ಬೇಸರ ತರಿಸಿದೆನು.

2014ರಲ್ಲಿ ಊರಿಗೆ ಮರಳಿದೆವು. ಒಂದು ಸಂಜೆ ಅವ್ವ ಚೌಕಟ್ಟನ್ನು ಒರಸುತ್ತ, "ಈಕಿ ಹೆಸರೇನವಾ?" ಎಂದಳು. ನಾನು ಬಾಗಿಲಗಂಟೆಯ ಮೇಲೆ ಬರೆದಿದ್ದ ಮನೆತನದ ಹೆಸರನ್ನು ಹೇಳಿದೆನು. "ಮನಿತನದ ಹೆಸರ ಕೇಳಲಿಲ್ಲ. ಆಕಿ ಹೆಸರ ಕೇಳಿದೆ." ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಎದುರುಬದುರಾಗಿ ದುಪ್ಪಟಿ ಝಾಡಿಸಿದವರು! ಆ ದೇಶದಲ್ಲಿ ನೆರೆಯವರನ್ನು ಮನೆತನದ ಹೆಸರಿನಿಂದಲೇ ಕರೆಯುವ ಪದ್ಧತಿಯೆಂದು ಸಮಾಧಾನ ಹೇಳಿದೆನು. ಅವ್ವ ಪಟವನ್ನು ಚೌಕಟ್ಟಿನಿಂದ ಬಿಚ್ಚಿ ತಿರುಗಿಸಿ ನೋಡಿದಳು. ಹಿಂಬದಿ ಬರಿದಾಗಿತ್ತು. 2016ರ ಕ್ರಿಸ್ಮಸ್ಸಿಗೆ ಆ ಮುದುಕಿಗೆ ಒಂದು ಶುಭಾಶಯಪತ್ರವನ್ನೂ, ಹೆಸರೇನೆಂದು ಕೇಳಿ ಒಂದು ಸಾಲನ್ನೂ ಕಳುಹಿಸಿದೆನು. ಆ ವಿಳಾಸದಲ್ಲಿ ಅಂಥವರಿಲ್ಲವೆಂಬ ಚೀಟಿಯೊಡನೆ ಲಕೋಟೆ ಫೆಬ್ರುವರಿಯಲ್ಲಿ ಹಿಂದಿರುಗಿತು. ಅವ್ವ ಆ ಲಕೋಟೆಯನ್ನು ಪಟದ ಹಿಂದೆಯೇ ಇಟ್ಟಳು.

ನಮ್ಮ ಶಾಲೆಯ ಕಚೇರಿಯಲ್ಲಿ 1964ರ ಒಂದು ಗುಂಪುಚಿತ್ರವಿದೆ. ಮೂರು ಸಾಲು, ಮೂವತ್ತೆಂಟು ಹುಡುಗಿಯರು. ಶಿಕ್ಷಕಿಯರ ಹೆಸರುಗಳನ್ನು ಕೆಳಗೆ ಅಂದವಾಗಿ ಬರೆದಿರುವರು. ಹುಡುಗಿಯರ ವಿಷಯದಲ್ಲಿ ನಾವೂ ಬಾಸೆಲಿನವರಿಗಿಂತ ಮೇಲಲ್ಲ. 2022ರ ಬೇಸಗೆಯ ರಜೆಯಲ್ಲಿ ಅವ್ವನನ್ನು ರಿಕ್ಷಾದಲ್ಲಿ ಕರೆತಂದು ಆ ಚಿತ್ರದ ಮುಂದೆ ಕೂರಿಸಿದೆನು. ಅವಳು ಬೆರಳಿಟ್ಟು ಹೇಳುತ್ತ ಹೋದಳು, ನಾನು ಸೀಸದ ಕಡ್ಡಿಯಿಂದ ಬರೆಯುತ್ತ ಹೋದೆನು. ಬರಿಯ ಹೆಸರುಗಳಷ್ಟೇ ಅಲ್ಲ: ಈಕೆ ಖಾನಾಪುರದಿಂದ ಬಂದು ವಸತಿಗೃಹದಲ್ಲಿದ್ದವಳು, ಈಕೆಯ ತಂದೆ ಗೋಕಾಕದ ಗಿರಣಿಯಲ್ಲಿದ್ದನು, ಈಕೆ ನನ್ನ ಭೂಮಿತಿಯ ಪೆಟ್ಟಿಗೆಯನ್ನು ಒಯ್ದವಳು ಇಂದಿಗೂ ತಂದುಕೊಟ್ಟಿಲ್ಲ. ಹೀಗೆ ಮೂವತ್ತೊಂದು ಹೆಸರುಗಳಾದುವು. ಏಳು ಉಳಿದುವು. "ದಣಿವಾತವಾ. ಉಳದವು ನಾಳೆ ನೆನಪಾಗ್ತಾವ" ಎಂದಳು. ಮರುದಿನ ನನಗೆ ಕೆಲಸವಿತ್ತು. ಅದರ ಮರುವಾರ ಪ್ರವೇಶಗಳು ಮೊದಲಾದುವು. ಅವ್ವ 2023ರ ಆಗಸ್ಟಿನ ಮಳೆಯಲ್ಲಿ ತೀರಿಕೊಂಡಳು.

ಪೂರ್ವವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನನ್ನ ಬಿನ್ನಹವಿದು. ನಿಮ್ಮ ತಾಯಿಯೋ ಅತ್ತೆಯೋ ಅಜ್ಜಿಯೋ ಆ ಕಾಲದಲ್ಲಿ ಇಲ್ಲಿ ಓದಿದ್ದರೆ, ಶಾಲೆಯ ಯಾವ ದಿನದಲ್ಲಾದರೂ ಅವರನ್ನು ಕರೆತನ್ನಿರಿ. ಮೆಟ್ಟಿಲು ಹತ್ತಲಾರದವರಿಗಾಗಿ ಚಿತ್ರವನ್ನು ಕೆಳಗೆ ತರಿಸುವೆನು. ನನಗೆ ಬೇಕಾದವರು ಇವರು: ಮೇಲಿನ ಸಾಲಿನಲ್ಲಿ ಬಲಗಡೆಯ ಇಬ್ಬರು, ನಡುಸಾಲಿನಲ್ಲಿ ಕನ್ನಡಕ ಹಾಕಿದವಳು, ಆಕೆಯ ಪಕ್ಕದವಳು ಮತ್ತು ಕಂಬಕ್ಕೆ ಒರಗಿದವಳು, ಕೆಳಗಿನ ಸಾಲಿನಲ್ಲಿ ಕೊನೆಗೆ ಕುಳಿತ ಚಿಕ್ಕವಳು, ಮತ್ತು ಅದೇ ಸಾಲಿನಲ್ಲಿ ಎಡದಿಂದ ನಾಲ್ಕನೆಯವಳು, ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ನಮ್ಮ ಅವ್ವನ ಕೈಯನ್ನು ಹಿಡಿದಿರುವಳು.